ಮೇಜಿನ ಮೇಲೆ ಅಂಟಿಸಿದ ಕೆಂಪು ಚೀಟಿ

ಪ್ರಶ್ನೆ: ನಾನು ತಾಲ್ಲೂಕು ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕಿ. ವಯಸ್ಸು 44. ನಮ್ಮ ಶಾಖೆಯಲ್ಲಿ ಎರಡು ಹುದ್ದೆ ಖಾಲಿ ಇವೆ. ಪಿಂಚಣಿ ವಿಷಯದ ಜೊತೆ ಇನ್ನೆರಡು ವಿಷಯಗಳ ಪ್ರಭಾರವೂ ನನ್ನ ಮೇಲಿದೆ. ಈಚೆಗೆ ಕಚೇರಿಯಲ್ಲಿ ‘ಲೀನ್ ಮ್ಯಾನೇಜ್‌ಮೆಂಟ್’ ತರಬೇತಿ ಏರ್ಪಡಿಸಿದ್ದರು. ಕಾರ್ಖಾನೆಯಲ್ಲಿ ಕೆಲಸ ಮಾಡಿ ಬಂದ ತರಬೇತುದಾರರು ಮೇಜಿಂದ ಮೇಜಿಗೆ ಹೋಗಿ ಬೇಡದ್ದರ ಮೇಲೆಲ್ಲ ಕೆಂಪು ಚೀಟಿ ಅಂಟಿಸಿದರು. ನನ್ನ ಮೇಜಿನ ಕಡತಗಳ ಮೇಲೆ ‘ವೇಸ್ಟ್’ ಎಂದು ಅಂಟಿಸಿದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಬಾಕಿ ಎಷ್ಟು, ಯಾರದ್ದು ಎಂದು ಹೆಸರು ಸಮೇತ ಬೋರ್ಡ್ ಬಂತು. ನನ್ನ ಹೆಸರು ಯಾವಾಗಲೂ ಮೇಲ್ಗಡೆ. ಅವಧಿ ಮೀರದಿರಲಿ ಎಂದು ಕೊನೇ ದಿನ ಯಾವುದಾದರೂ ಜೆರಾಕ್ಸ್ ಇಲ್ಲವೆಂದು ಕೆಲವು ಅರ್ಜಿ ತಿರಸ್ಕರಿಸಿದ್ದೂ ಉಂಟು. ಮೊನ್ನೆ ವಿಧವಾ ವೇತನಕ್ಕೆ ಅಲೆಯುತ್ತಿದ್ದ ಅಜ್ಜಿಯೊಬ್ಬರ ಮೇಲೆ ರೇಗಿಬಿಟ್ಟೆ. ಅವರು ಏನೂ ಹೇಳದೆ ಹೋದರು. ಭಾನುವಾರ ಸಂಜೆಯಾದರೆ ಹೊಟ್ಟೆ ತೊಳಸುತ್ತದೆ, ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ನಾನು ನಿಜವಾಗಿಯೂ ಮೈಗಳ್ಳಿಯೇ? ಈ ಲೀನ್ ನಮ್ಮ ಹುದ್ದೆ ಕಡಿತ ಮಾಡುವುದಕ್ಕೇ ಬಂದಿದೆಯೇ? ಸ್ವಯಂ ನಿವೃತ್ತಿ ತೆಗೆದುಕೊಂಡುಬಿಡಲೇ? ದಯವಿಟ್ಟು ಹೆಸರು, ಊರು ಹಾಕಬೇಡಿ.

ಉತ್ತರ: ಪ್ರಿಯ ಸಹೋದರಿ,

ಎಲ್ಲರೂ ನಕ್ಕಾಗ ನೀವೂ ನಕ್ಕಿರಲ್ಲ, ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅದೇ. ಅವಮಾನವಾದ ಗಳಿಗೆಯಲ್ಲಿ ನಕ್ಕು ಮರ್ಯಾದೆ ಉಳಿಸಿಕೊಳ್ಳುತ್ತೇವೆ. ಅಲ್ಲಿ ನುಂಗಿದ್ದು ರಾತ್ರಿ ಎರಡು ಗಂಟೆಗೆ ಎದ್ದು ಕೂರುತ್ತದೆ. ಮೂರು ಜನರ ಕೆಲಸವನ್ನು ಒಬ್ಬರೇ ಎಳೆಯುತ್ತಿರುವಾಗ ‘ವೇಸ್ಟ್’ ಎನ್ನಿಸಿಕೊಂಡರೆ ಯಾರಿಗಾದರೂ ನೋವಾಗುತ್ತದೆ. ಅದನ್ನು ಅತಿ ಸೂಕ್ಷ್ಮ ಮನಸ್ಸು ಎಂದು ನೀವೇ ತಳ್ಳಿಹಾಕಬೇಡಿ. ಮೈಗಳ್ಳರಿಗೆ ಭಾನುವಾರ ಸಂಜೆ ಹೊಟ್ಟೆ ತೊಳಸುವುದಿಲ್ಲ, ಒಬ್ಬ ಅಜ್ಜಿಯ ಮೌನ ಮನೆಯ ತನಕ ಬೆನ್ನು ಹತ್ತಿ ಬರುವುದೂ ಇಲ್ಲ. ನಿಮ್ಮ ಮೊದಲ ಪ್ರಶ್ನೆಗೆ ಇದೇ ನನ್ನ ಉತ್ತರ.

ಇನ್ನು ಆ ಚೀಟಿಯ ವಿಚಾರ. ತರಬೇತುದಾರರ ಮನಸ್ಸಿನಲ್ಲಿ ಕೆಟ್ಟದ್ದಿತ್ತು ಎಂದು ನಾನು ಭಾವಿಸುವುದಿಲ್ಲ. ಕಾರ್ಖಾನೆಗಳಲ್ಲಿ ಕೆಂಪು ಚೀಟಿ ಅಂಟಿಸುವ ಪದ್ಧತಿ ನಿಜವಾಗಿಯೂ ಇದೆ. ಮುರಿದ ಉಪಕರಣ, ಬಳಸದ ಪೆಟ್ಟಿಗೆ, ಹಳೆಯ ಬಿಡಿಭಾಗಗಳನ್ನು ಬೇರ್ಪಡಿಸುವುದಕ್ಕೆ ಅದನ್ನು ಹಚ್ಚುತ್ತಾರೆ. ನಿಮ್ಮ ಮೇಜಿನ ಮೇಲಿದ್ದದ್ದು ಬಳಸದ ವಸ್ತುಗಳಲ್ಲ, ಜನರ ಅರ್ಜಿಗಳು. ಅವು ಅಲ್ಲಿ ಕಾದು ಕುಳಿತಿದ್ದವು. ಕಾಯುವಿಕೆಯನ್ನು ಲೀನ್ ಖಂಡಿತ ವ್ಯರ್ಥವೆಂದು ಎಣಿಸುತ್ತದೆ. ಆದರೆ ಅರ್ಜಿ ಏಕೆ ಕಾಯುತ್ತಿದೆ ಎಂದು ಕೇಳುವುದು ಅದರ ಮುಂದಿನ ಹೆಜ್ಜೆ. ನಿಮ್ಮ ಕಚೇರಿಯಲ್ಲಿ ಚೀಟಿ ಅಂಟಿತು, ಆ ಪ್ರಶ್ನೆ ಮಾತ್ರ ಯಾರ ಬಾಯಿಂದಲೂ ಬರಲಿಲ್ಲ.

ಈ ವಿಚಾರ ಹುಟ್ಟಿದ ಜಾಗವನ್ನೇ ಸ್ವಲ್ಪ ನೋಡೋಣ. ಎರಡನೇ ಮಹಾಯುದ್ಧದ ನಂತರ ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ ತೈಚಿ ಓನೋ ಎಂಬ ಎಂಜಿನಿಯರ್ ಮತ್ತು ಅವರ ಸಂಗಡಿಗರು ಕೆಲಸದಲ್ಲಿನ ವ್ಯರ್ಥ ಕಳೆಯುವ ಈ ಪದ್ಧತಿಯನ್ನು ವರ್ಷಗಟ್ಟಲೆ ತಿದ್ದಿ ತೀಡಿ ಕಟ್ಟಿದರು. ‘ಲೀನ್’ ಎಂಬ ಹೆಸರು ಅಮೆರಿಕದವರು 1980ರ ದಶಕದ ಕೊನೆಗೆ ಇಟ್ಟದ್ದು. ಟೊಯೋಟಾದವರು ಮೂರು ಕೆಡುಕುಗಳನ್ನು ಒಟ್ಟಿಗೆ ಹೇಳುತ್ತಾರೆ: ಮುದಾ ಎಂದರೆ ವ್ಯರ್ಥ, ಮುರಾ ಎಂದರೆ ಏರುಪೇರು, ಮುರಿ ಎಂದರೆ ಮಿತಿಮೀರಿದ ಹೊರೆ. ತರಬೇತಿಗಳಲ್ಲಿ ಮೊದಲನೆಯದಕ್ಕೆ ಇಡೀ ದಿನ ಸಿಗುತ್ತದೆ, ಉಳಿದೆರಡು ಹೆಚ್ಚಾಗಿ ಕೊನೆಯ ಸ್ಲೈಡಿನಲ್ಲಿ ಮುಗಿಯುತ್ತವೆ. ನಿಮ್ಮಂಥ ಕಚೇರಿಗಳಲ್ಲಿ ಹೆಚ್ಚು ಕಾಣುವುದು ಆ ಉಳಿದೆರಡೇ. ಚುನಾವಣೆ, ಗಣತಿ ಬಂದರೆ ಸಿಬ್ಬಂದಿಯನ್ನು ಎತ್ತಿಕೊಂಡು ಹೋಗುತ್ತಾರೆ, ಅರ್ಜಿಗಳು ಮಾತ್ರ ಎಂದಿನಂತೆ ಬರುತ್ತಲೇ ಇರುತ್ತವೆ, ಅದು ಏರುಪೇರು. ಖಾಲಿ ಹುದ್ದೆಗಳ ಕೆಲಸ ಒಬ್ಬರ ತಲೆಗೆ ಕಟ್ಟಿದರೆ ಅದು ಹೊರೆ. ಹೊರೆ ಮಿತಿಮೀರಿದಲ್ಲಿ ತಪ್ಪಾಗುತ್ತದೆ, ಬಾಕಿ ಬೆಳೆಯುತ್ತದೆ, ಕೊನೆಗೆ ಅದೇ ವ್ಯರ್ಥವಾಗಿ ಕಾಣಿಸುತ್ತದೆ. ನಿಮ್ಮ ತರಬೇತಿ ಕಡತಗಳ ಗುಡ್ಡೆಯನ್ನು ನೋಡಿತು, ಅದರ ಹಿಂದೆ ಕೂತವರನ್ನು ನೋಡಲಿಲ್ಲ.

ಅದೇ ಟೊಯೋಟಾ ಪದ್ಧತಿಯಲ್ಲಿ ಇನ್ನೊಂದು ಏರ್ಪಾಡಿದೆ. ತಪ್ಪು ಕಂಡ ಕಾರ್ಮಿಕ, ಎಷ್ಟೇ ಕಿರಿಯನಾಗಿರಲಿ, ಒಂದು ಹಗ್ಗ ಎಳೆದು ಸಹಾಯ ಕೇಳಬಹುದು. ಅಲ್ಲೇ ಸರಿಹೋಗದಿದ್ದರೆ ಕಾರುಗಳ ಸಾಲೇ ನಿಲ್ಲುತ್ತದೆ. ಮೇಲ್ವಿಚಾರಕ ಬಂದಾಗ ಮೊದಲು ಏನಾಗಿದೆ ಎಂದು ಕೇಳಬೇಕು. ನಿಮ್ಮ ಕಚೇರಿಗೆ ಚೀಟಿ ಬಂತು, ಬೋರ್ಡ್ ಬಂತು, ಹಗ್ಗ ಬರಲಿಲ್ಲ. ಹಾಗೆಂದು ಟೊಯೋಟಾ ಅಂದರೆ ಎಲ್ಲ ಸುಸೂತ್ರ ಎಂದು ನಾನು ಹೇಳುತ್ತಿಲ್ಲ. ನಮ್ಮ ಬಿಡದಿಯ ಕಾರ್ಖಾನೆಯಲ್ಲೇ 2020ರ ನವೆಂಬರಿನಲ್ಲಿ ಕಾರ್ಮಿಕರು ಕೆಲಸದ ಒತ್ತಡದ ದೂರಿನೊಂದಿಗೆ ಧರಣಿ ಕೂತರು, ಕಂಪನಿ ಲಾಕೌಟ್ ಘೋಷಿಸಿತು, ಅದು ತಿಂಗಳುಗಟ್ಟಲೆ ಎಳೆಯಿತು. ಸರ್ಕಾರಿ ಕಚೇರಿಗಳಲ್ಲೂ ಇದು ಮುಗ್ಗರಿಸಿದ್ದಿದೆ. ಬ್ರಿಟನ್ನಿನ ತೆರಿಗೆ ಇಲಾಖೆ 2000ದ ದಶಕದ ಮಧ್ಯದಲ್ಲಿ ಲೀನ್ ತಂದಾಗ, ನ್ಯೂಕ್ಯಾಸಲ್ ಕಡೆಯ ಕಚೇರಿಯೊಂದರಲ್ಲಿ ಪೆನ್ನು ಎಲ್ಲಿರಬೇಕು, ಸ್ಟೇಪ್ಲರ್ ಎಲ್ಲಿರಬೇಕು ಎಂದು ಮೇಜಿನ ಮೇಲೆ ಕಪ್ಪು ಟೇಪು ಅಂಟಿಸಿದರು. ಮೇಜಿನ ಮೇಲಿನ ಬಾಳೆಹಣ್ಣು ಬಳಕೆಯಲ್ಲಿದೆಯೋ ಇಲ್ಲವೋ ಎಂದು ಕೂಡ ಕೇಳಿದರೆಂದು ಅಲ್ಲಿನ ನೌಕರರ ಸಂಘ ಹೇಳಿತು. ಸುದ್ದಿ ಪತ್ರಿಕೆಗಳಿಗೆ ಹೋಯಿತು, ದೇಶವೇ ನಕ್ಕಿತು, ನೌಕರರು ಪ್ರತಿಭಟನೆಗೆ ಇಳಿದರು. ನಿಮ್ಮ ಹಾಗೆಯೇ ಕುಗ್ಗಿದವರು ಸಾವಿರಾರು ಮೈಲಿ ಆಚೆಯೂ ಇದ್ದರೆಂದು ತಿಳಿದರೆ ಮನಸ್ಸು ಸ್ವಲ್ಪ ಹಗುರಾದೀತೆಂದು ಇದನ್ನು ಹೇಳಿದೆ.

ಹಾಗಾದರೆ ಲೀನ್ ಬೇಡವೇ? ಬೇಕು ಎಂದೇ ನನ್ನ ಅಭಿಪ್ರಾಯ. ನಿಮಗಿಂತ ಹೆಚ್ಚಾಗಿ ಆ ಅಜ್ಜಿಗೆ ಬೇಕು. ಹೆಸರು ಹೇಳದೆಯೇ ಇದು ನಮ್ಮಲ್ಲಿ ಆಗಲೇ ನಡೆದಿದೆ ಕೂಡ. ಜಮೀನು ದಾಖಲೆಗಳ ‘ಭೂಮಿ’ ಯೋಜನೆ ಬಂದಾಗ ಮ್ಯುಟೇಶನ್ (ಖಾತೆ ಬದಲಾವಣೆ) ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳುವಂತೆ ತಂತ್ರಾಂಶವೇ ಕಟ್ಟು ಹಾಕಿತು. ಯಾರನ್ನು ಮೊದಲು ನೋಡಬೇಕು ಎಂಬ ಹಗ್ಗಜಗ್ಗಾಟ ಸಿಬ್ಬಂದಿಯ ತಲೆಯಿಂದ ಇಳಿಯಿತು. ಪಾಸ್‌ಪೋರ್ಟ್ ಸೇವಾ ಕೇಂದ್ರಗಳು 2010ರಲ್ಲಿ ಪ್ರಯೋಗಕ್ಕೆ ಶುರುವಾದದ್ದೇ ನಮ್ಮ ಬೆಂಗಳೂರಿನಲ್ಲಿ. ಎ ಕೌಂಟರಿನಲ್ಲಿ ಫೋಟೊ, ಬೆರಳಚ್ಚು, ದಾಖಲೆ; ಬಿ ಯಲ್ಲಿ ಪರಿಶೀಲನೆ; ಸಿ ಯಲ್ಲಿ ಮಂಜೂರಾತಿ ಅಧಿಕಾರಿ. ಕೊರತೆ ಇದ್ದರೆ ಅರ್ಜಿದಾರರು ಎದುರಿಗಿರುವಾಗಲೇ ಗೊತ್ತಾಗುತ್ತದೆ. ಅಲ್ಲಿ ಸಿಬ್ಬಂದಿ ಓಡಾಡಿ ಕೆಲಸ ಮಾಡಲಿಲ್ಲ, ಕಡತ ಕಾಯುವ ಜಾಗಗಳನ್ನು ಕಿತ್ತುಹಾಕಿದರು. ಪೊಲೀಸ್ ಪರಿಶೀಲನೆ ಕೇಂದ್ರದ ಹೊರಗೇ ಉಳಿಯಿತು, ಜನರ ಕಾಯುವಿಕೆಯ ದೊಡ್ಡ ಪಾಲೂ ಅದರ ಜೊತೆ ಹೊರಗೇ ಉಳಿಯಿತು.

ನಮ್ಮ ‘ಸಕಾಲ’ದ ಬಗ್ಗೆಯೂ ಎರಡು ಮಾತು ಬೇಕು. 2011ರ ಕಾಯ್ದೆ, ಮರುವರ್ಷ ಜಾರಿ. ಪ್ರತಿ ಸೇವೆಗೂ ಇಂತಿಷ್ಟು ದಿನ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿ ತನಕ ಪರಿಹಾರ. ಜನರ ಕೈಗೆ ಗಡಿಯಾರ ಕೊಟ್ಟದ್ದು ಒಳ್ಳೆಯದೇ ಆಯಿತು. ಆದರೆ ಗಡಿಯಾರ ತಡವಾಯಿತು ಎಂದಷ್ಟೇ ಹೇಳುತ್ತದೆ, ಎಲ್ಲಿ ತಡವಾಯಿತು ಎಂದು ಹೇಳುವುದಿಲ್ಲ. ಎಲ್ಲಿ ಎಂಬುದು ಯಾರಿಗೂ ಬೇಡವಾದಾಗ ಗಡಿಯಾರಕ್ಕೆ ಹೆದರಿದ ಸಿಬ್ಬಂದಿ ಅಡ್ಡದಾರಿ ಹುಡುಕುತ್ತಾರೆ. ಕೊನೆಯ ದಿನ ಜೆರಾಕ್ಸ್ ನೆಪದಲ್ಲಿ ತಿರಸ್ಕರಿಸುವುದು ಅಂಥದ್ದೊಂದು ದಾರಿ.

ಇಲ್ಲಿ ನಾನು ನಿಮ್ಮೊಂದಿಗೆ ಸ್ವಲ್ಪ ನೇರವಾಗಿ ಮಾತಾಡಬೇಕು. ಹಾಗೆ ತಿರಸ್ಕರಿಸುವುದನ್ನು ನಿಲ್ಲಿಸಿ. ಏಕೆ ಮಾಡಿದಿರಿ ಎಂಬುದು ನನಗೆ ಅರ್ಥವಾಗುತ್ತದೆ, ನೀವು ಅದನ್ನು ಮುಚ್ಚಿಡದೆ ಬರೆದದ್ದೂ ದೊಡ್ಡದು. ಆದರೂ ಬೋರ್ಡಿನ ಮೇಲೆ ನಿಮ್ಮ ಸಂಖ್ಯೆ ಇಳಿದರೆ ಅಷ್ಟೇ ಭಾರ ಇನ್ನೊಬ್ಬರ ಬೆನ್ನಿಗೆ ಹೋಗುತ್ತದೆ. ಅರ್ಜಿ ಹಾಕಿದವರು ಬಸ್ಸಿನ ದುಡ್ಡು ಹೊಂದಿಸಿಕೊಂಡು, ಒಂದು ದಿನದ ಕೂಲಿ ಬಿಟ್ಟು ಮತ್ತೆ ಬರಬೇಕು. ಬಂದ ಮೇಲೆ ಹೊಸ ಅರ್ಜಿ, ಮತ್ತೆ ಅದೇ ನಿಮ್ಮ ಮೇಜು. ನಿಮ್ಮ ನಿದ್ದೆ ಕೆಡಿಸುತ್ತಿರುವುದರಲ್ಲಿ ಇದರ ಪಾಲೂ ಇದೆ ಎಂದು ನನಗನ್ನಿಸುತ್ತದೆ.

ಈಗ ಏನು ಮಾಡಬಹುದು? ಮೂರೂ ವಿಷಯಗಳನ್ನು ಒಟ್ಟಿಗೆ ಮುಟ್ಟಬೇಡಿ. ವಿಧವಾ ವೇತನ ಒಂದನ್ನೇ ತೆಗೆದುಕೊಳ್ಳಿ. ಈಚೆಗೆ ವಿಲೇವಾರಿಯಾದ ಹತ್ತು ಅರ್ಜಿಗಳ ದಿನಾಂಕಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ: ನಾಡಕಚೇರಿಗೆ ಬಂದದ್ದು, ಗ್ರಾಮ ಆಡಳಿತಾಧಿಕಾರಿಯ ವರದಿ, ಕಂದಾಯ ನಿರೀಕ್ಷಕರ ವರದಿ, ನಿಮ್ಮ ಮೇಜು, ಶಿರಸ್ತೇದಾರರು, ತಹಶೀಲ್ದಾರರು. ಒಂದೊಂದು ಹಂತದಲ್ಲೂ ಕೆಲಸಕ್ಕೆ ಹಿಡಿದ ಹೊತ್ತು ಎಷ್ಟು, ಅರ್ಜಿ ಸುಮ್ಮನೆ ಕಾದ ದಿನ ಎಷ್ಟು ಎಂದು ಎರಡು ಸಾಲು ಹಾಕಿ. ಹಿಟ್ಟಿನ ಗಿರಣಿಯಲ್ಲಿ ರಾಗಿ ಬೀಸುವುದಕ್ಕೆ ಐದು ನಿಮಿಷ, ಡಬ್ಬದ ಸರದಿ ಬರುವುದಕ್ಕೆ ಅರ್ಧ ದಿನ. ಕಚೇರಿ ಕೆಲಸವೂ ಹಾಗೆಯೇ. ಹೀಗೆ ಲೆಕ್ಕ ಹಾಕಿ ನೋಡಿದ ಕಡೆಯಲ್ಲೆಲ್ಲ ಹೆಚ್ಚುಕಡಿಮೆ ಕಾಣುವುದು ಒಂದೇ: ಕೆಲಸ ನಿಮಿಷಗಳಲ್ಲಿದೆ, ಕಾಯುವಿಕೆ ದಿನಗಳಲ್ಲಿದೆ. ಆ ದಿನಗಳಲ್ಲಿ ಎಷ್ಟು ನಿಮ್ಮ ಮೇಜಿನವು ಎಂದು ನೀವೇ ಎಣಿಸಿ ನೋಡಿ. ನಿಮ್ಮ ಪಾಲು ಇದ್ದೇ ಇರುತ್ತದೆ, ಒಪ್ಪಿಕೊಳ್ಳಿ. ಉಳಿದವರ ಪಾಲನ್ನೂ ರಾತ್ರಿಯೆಲ್ಲ ಹೊತ್ತುಕೊಂಡಿದ್ದೀರಿ ಎಂಬುದು ಆಗ ಕಾಗದದ ಮೇಲೆ ಕಾಣುತ್ತದೆ.

ಹಾಳೆ ಎದುರಿಗಿಟ್ಟುಕೊಂಡು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ. ಈ ಹತ್ತು ಅರ್ಜಿಗಳಲ್ಲಿ ಯಾವ ಹಂತದಲ್ಲಿ ಯಾರಾದರೂ ಏನನ್ನಾದರೂ ಬದಲಾಯಿಸಿದರು? ಯಾವ ಹಂತದಲ್ಲಿ ಬರೀ ‘ಮಂಡಿಸಿದೆ’ ಎಂದು ರುಜು ಬಿತ್ತು? ನಮ್ಮ ಕಚೇರಿಗಳಲ್ಲಿ ರುಜುಗಳು ಹೆಚ್ಚಿದ್ದಕ್ಕೆ ಸೋಮಾರಿತನ ಕಾರಣವಲ್ಲ, ಭಯ ಕಾರಣ. ನಾಳೆ ಆಡಿಟ್ ಆಕ್ಷೇಪಣೆ ಬಂದರೆ, ಇಲಾಖಾ ವಿಚಾರಣೆ ಬಂದರೆ, ನಾನೊಬ್ಬನೇ ಸಿಕ್ಕಿಬೀಳಬಾರದು ಎಂದು ಎಲ್ಲರೂ ಮೇಲಿನವರ ರುಜು ಹುಡುಕುತ್ತಾರೆ. ಎಂದೋ ಒಬ್ಬರಿಗೆ ನೋಟಿಸ್ ಬಂದಿರುತ್ತದೆ, ಅಂದಿನಿಂದ ಆ ವಿಷಯಕ್ಕೆ ಒಂದು ಹಂತ ಜಾಸ್ತಿ. ನೋಟಿಸ್ ಬಂದವರು ನಿವೃತ್ತರಾಗಿರುತ್ತಾರೆ, ಹಂತ ಉಳಿದಿರುತ್ತದೆ. ಗುಣಮಟ್ಟದ ವಿಷಯದಲ್ಲಿ ಜಪಾನಿನವರು ಗುರುವೆಂದು ಗೌರವಿಸುತ್ತಿದ್ದ ಅಮೆರಿಕದ ಡೆಮಿಂಗ್, ಆಡಳಿತಗಾರರಿಗೆ ಹೇಳಿದ ಹದಿನಾಲ್ಕು ಅಂಶಗಳಲ್ಲಿ ಭಯವನ್ನು ಹೊರಗೆ ಹಾಕುವುದೂ ಒಂದು. ಲೀನ್ ಕಲಿಸುವವರು ಎಲ್ಲಕ್ಕಿಂತ ಮೊದಲು ಹೇಳಬೇಕಾದದ್ದು ಅದೇ ಎಂದು ನನ್ನ ನಂಬಿಕೆ. ಹೆದರಿದ ಮನುಷ್ಯನ ಮೇಜಿನಿಂದ ಕಡತ ಬೇಗ ಏಳುವುದಿಲ್ಲ, ಚೀಟಿ ಎಷ್ಟೇ ಕೆಂಪಾಗಿರಲಿ.

ದಯವಿಟ್ಟು ನೀವಾಗಿಯೇ ಯಾವ ಹಂತವನ್ನೂ ಹಾರಿಸಬೇಡಿ. ಅದು ನಿಮ್ಮ ಅಧಿಕಾರದಲ್ಲಿಲ್ಲ, ನಾಳೆ ನಿಮಗೇ ತೊಂದರೆ. ಕಂಡದ್ದನ್ನು ಒಂದು ಪುಟದ ಟಿಪ್ಪಣಿ ಮಾಡಿ, ಜೊತೆಗೆ ಒಬ್ಬಿಬ್ಬರು ಸಹೋದ್ಯೋಗಿಗಳನ್ನು ಕರೆದುಕೊಂಡು ತಹಶೀಲ್ದಾರರ ಹತ್ತಿರ ಹೋಗಿ. ದೂರಿನ ದನಿ ಬೇಡ. “ಸರ್, ತರಬೇತಿಯಲ್ಲಿ ಹೇಳಿದ ಹಾಗೇ ಮಾಡಿ ನೋಡಿದ್ದೇವೆ. ಅರ್ಜಿ ಹೆಚ್ಚು ದಿನ ಕಾಯುವುದು ಇಂಥ ಎರಡು ಕಡೆ. ಒಂದು ಹಂತ ಕಡಿಮೆ ಮಾಡಲು ತಾವು ಆದೇಶ ಕೊಡಬಹುದೇ, ಇಲ್ಲವಾದರೆ ಜಿಲ್ಲಾಧಿಕಾರಿಗಳ ಕಚೇರಿಗೆ ಬರೆಯಬಹುದೇ? ಬೋರ್ಡಿನ ಮೇಲೆ ನಮ್ಮ ಹೆಸರಿನ ಬದಲು ಹಂತದ ಹೆಸರು ಹಾಕಿದರೆ ಎಲ್ಲಿ ನಿಂತಿದೆ ಎಂದು ತಮಗೂ ಗೊತ್ತಾಗುತ್ತದೆ” ಎಂದು ಹೇಳಿ. ಅವರೂ ಏನಾದರೂ ಒಳ್ಳೆಯದು ಮಾಡಬೇಕೆಂದೇ ತರಬೇತಿ ಇಟ್ಟಿರಬೇಕು. ಇಂಥ ಒಂದು ಹಾಳೆ ಅವರಿಗೂ ಬೇಕಾಗಿರಬಹುದು. ಕೇಂದ್ರ ಸರ್ಕಾರವೇ ಈಚಿನ ವರ್ಷಗಳಲ್ಲಿ ತನ್ನ ಸಚಿವಾಲಯಗಳಲ್ಲಿ ಕಡತ ನಾಲ್ಕಕ್ಕಿಂತ ಹೆಚ್ಚು ಹಂತ ಹತ್ತಬಾರದೆಂದು ಹೇಳಿದೆ. ಹಂತ ಇಳಿಸಿ ಎಂದು ಕೇಳುವುದು ಉದ್ಧಟತನವೇನಲ್ಲ.

ಪ್ರಭಾರದ ಹೊರೆಯನ್ನೂ ಅದೇ ಹಾಳೆಯಲ್ಲಿ, ಬೇರೆ ಸಾಲಿನಲ್ಲಿ, ಸಂಖ್ಯೆಯ ಸಮೇತ ಬರೆಯಿರಿ. ತಿಂಗಳಿಗೆ ಬರುವ ಅರ್ಜಿ ಎಷ್ಟು, ಒಬ್ಬರು ಮುಗಿಸಬಹುದಾದದ್ದು ಎಷ್ಟು. ತಾಲ್ಲೂಕು ಮಟ್ಟದ ತರಬೇತಿಯಿಂದ ಮಂಜೂರಾದ ಹುದ್ದೆ ರದ್ದಾಗುವುದಿಲ್ಲ, ಆ ಭಯ ಇಟ್ಟುಕೊಳ್ಳಬೇಡಿ. ಖಾಲಿ ಹುದ್ದೆಯನ್ನು ಖಾಲಿಯೇ ಬಿಟ್ಟು ನಡೆಸಿಕೊಂಡು ಹೋಗುವ ಅಭ್ಯಾಸವಿದೆಯಲ್ಲ, ಅದು ನಿಜವಾದ ತೊಂದರೆ. ಅದಕ್ಕೆ ಲೀನ್‌ನಲ್ಲಿ ಮದ್ದಿಲ್ಲ, ಯಾರಾದರೂ ಇದೆ ಎಂದರೆ ನಂಬಬೇಡಿ. ನೀವೊಬ್ಬರೇ ಕೇಳಿ ಪ್ರಯೋಜನವಾಗದಿದ್ದರೆ ಸರ್ಕಾರಿ ನೌಕರರ ಸಂಘದ ತಾಲ್ಲೂಕು ಶಾಖೆಯ ಮೂಲಕ ಕೇಳಿ.

ನಾಳೆಯಿಂದಲೇ ನಿಮ್ಮ ಕೈಯಲ್ಲಿ ಆಗುವುದು ಒಂದಿದೆ. ಬೇಕಾದ ದಾಖಲೆಗಳನ್ನೆಲ್ಲ ದೊಡ್ಡ ಅಕ್ಷರದಲ್ಲಿ, ಸರಳ ಕನ್ನಡದಲ್ಲಿ ಒಂದೇ ಚೀಟಿಯಲ್ಲಿ ಬರೆದಿಟ್ಟು, ಅರ್ಜಿ ತೆಗೆದುಕೊಳ್ಳುವ ಕಡೆಯೇ ಮೊದಲ ದಿನವೇ ಕೊಡುವಂತೆ ನೋಡಿಕೊಳ್ಳಿ. ಕೊರತೆ ಇದ್ದರೆ ಎಲ್ಲವನ್ನೂ ಒಂದೇ ಸಲ ಹೇಳಿ. ಇವತ್ತು ಆಧಾರ್ ಇಲ್ಲ, ನಾಳೆ ಪಾಸ್‌ಬುಕ್ ಇಲ್ಲ, ನಾಡಿದ್ದು ಮರಣ ಪ್ರಮಾಣಪತ್ರ ಇಲ್ಲ ಎಂದು ಕಂತಿನಲ್ಲಿ ಹೇಳುವುದು ನಮ್ಮ ಕಚೇರಿಗಳ ಹಳೆಯ ರೋಗ. ಕೇಳಿ ಕೇಳಿ ಜನರೂ ಅದಕ್ಕೆ ಒಗ್ಗಿಹೋಗಿದ್ದಾರೆ. ಆ ಅಜ್ಜಿಯ ಅರ್ಜಿಯಲ್ಲಿ ಫೋನ್ ನಂಬರ್ ಇರುತ್ತದೆ, ಅವರದ್ದಲ್ಲದಿದ್ದರೆ ಮಗನದ್ದೋ ಪಕ್ಕದ ಮನೆಯವರದ್ದೋ. ಒಂದು ಫೋನ್ ಮಾಡಿ. “ಅಜ್ಜೀ, ಅವತ್ತು ರೇಗಿದೆ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಅರ್ಜಿಗೆ ಇದೊಂದು ಬೇಕು, ಇಂಥ ದಿನ ತನ್ನಿ, ನಾನೇ ಇರುತ್ತೇನೆ” ಎಂದರೆ ಸಾಕು. ಅವರಿಗೆ ಒಂದು ಓಡಾಟ ತಪ್ಪುತ್ತದೆ. ನಿಮಗೆ ಏನಾಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಈ ಪುಟ ಓದುತ್ತಿರುವ ಕೆಲವರು ಇಷ್ಟರಲ್ಲಿ ಗೊಣಗಿರುತ್ತಾರೆ: ಕಡತ ಕಾಯುವುದು ಕೈ ಬಿಸಿಯಾಗಲಿ ಎಂದು, ಭಯಕ್ಕೂ ಹೊರೆಗೂ ಅಲ್ಲ ಎಂದು. ಅಂಥ ಕಡತಗಳೂ ಇವೆ, ಸುಳ್ಳೇಕೆ. ಅದರ ದಾರಿ ಲೋಕಾಯುಕ್ತಕ್ಕೆ ಹೋಗುತ್ತದೆ, ತರಬೇತಿಗಲ್ಲ. ಆದರೆ ಆ ಕೆಲವರ ಕಾರಣಕ್ಕೆ ಕೌಂಟರಿನ ಹಿಂದಿರುವ ಎಲ್ಲರನ್ನೂ ಕಳ್ಳರಂತೆ ನೋಡಿದರೆ, ಪ್ರಾಮಾಣಿಕರು ಇನ್ನಷ್ಟು ರುಜುಗಳ ಹಿಂದೆ ಅಡಗುತ್ತಾರೆ. ಅಧಿಕಾರಿಗಳೂ ಓದುತ್ತಿದ್ದರೆ ಅವರಲ್ಲಿ ನನ್ನದೊಂದು ವಿನಂತಿ. ಇಂಥ ಸುಧಾರಣೆ ಶುರುಮಾಡುವ ದಿನ, ತಪ್ಪು ಎಲ್ಲಿದೆ ಎಂದು ತೋರಿಸಿದವರ ಮೇಲೆ ಕ್ರಮವಿಲ್ಲ ಎಂದು ಎಲ್ಲರೆದುರು ಹೇಳಿ. ಆಮೇಲೆ ನೀವೇ ಅರ್ಧ ದಿನ ಕೌಂಟರಿನ ಬಳಿ ಕುರ್ಚಿ ಹಾಕಿಕೊಂಡು ಕೂತು ನೋಡಿ. ಚೀಟಿ ಎಲ್ಲಿ ಅಂಟಿಸಬೇಕೆಂದು ಆಗ ನಿಮಗೇ ಗೊತ್ತಾಗುತ್ತದೆ.

ಸ್ವಯಂ ನಿವೃತ್ತಿಯ ಮಾತನ್ನು ಸದ್ಯಕ್ಕೆ ಬದಿಗಿಡಿ. ನಿದ್ದೆಗೆಟ್ಟಿರುವಾಗ ತೆಗೆದುಕೊಳ್ಳುವ ನಿರ್ಧಾರ ಅದಲ್ಲ. 2006ರ ಏಪ್ರಿಲ್‌ನಿಂದೀಚೆಗೆ ಸೇವೆಗೆ ಸೇರಿದವರಾಗಿದ್ದರೆ ನಿಮ್ಮದು ಸಾಮಾನ್ಯವಾಗಿ ಎನ್‌ಪಿಎಸ್ (ಹೊಸ ಪಿಂಚಣಿ ಪದ್ಧತಿ). ಈಗ ಬಿಟ್ಟರೆ ಕೈಗೆಷ್ಟು ಬರುತ್ತದೆ ಎಂಬ ಲೆಕ್ಕವನ್ನು ಬಲ್ಲವರಿಂದ ಹಾಕಿಸಿ, ಮನೆಯವರೊಂದಿಗೆ ಕೂತು ಮಾತಾಡಿ. ಆ ಲೆಕ್ಕಕ್ಕೂ ಮೊದಲು ನಿಮ್ಮ ನಿದ್ದೆ ಸರಿಹೋಗಬೇಕು. ವಾರಗಟ್ಟಲೆ ನಡುರಾತ್ರಿ ಎಚ್ಚರವಾಗುವುದು, ಹೊಟ್ಟೆ ತೊಳಸುವುದು, ಸಣ್ಣದಕ್ಕೂ ರೇಗುವುದು ಇವೆಲ್ಲ ಒಟ್ಟಿಗೆ ಬಂದಾಗ ವೈದ್ಯರಿಗೆ ತೋರಿಸುವುದೇ ಸರಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮಾನಸಿಕ ಆರೋಗ್ಯ ತಪಾಸಣೆ ನಡೆಯುತ್ತದೆ, ನಿಮ್ಮಲ್ಲಿ ಯಾವ ದಿನ ಎಂದು ವಿಚಾರಿಸಿಕೊಳ್ಳಿ. ಊರಿನಲ್ಲಿ ಯಾರಾದರೂ ನೋಡಿಯಾರೆಂಬ ಸಂಕೋಚವಿದ್ದರೆ ಟೆಲಿ-ಮಾನಸ್ ಇದೆ. 14416ಕ್ಕೆ ಹಗಲೋ ರಾತ್ರಿಯೋ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಎನ್ನಿಸುವಂಥ ಯೋಚನೆ ಒಮ್ಮೆ ಸುಳಿದಿದ್ದರೂ ಈ ಕರೆಯನ್ನು ಇವತ್ತೇ ಮಾಡಿ, ಹತ್ತಿರದವರೊಬ್ಬರಿಗೂ ಹೇಳಿ. ವೈದ್ಯರು ವಿಶ್ರಾಂತಿ ಬೇಕೆಂದರೆ ಪ್ರಮಾಣಪತ್ರ ಕೊಟ್ಟು ರಜೆ ಹಾಕಿ. ಬಾಕಿ ಬೆಳೆಯುತ್ತದೆಂದು ರಜೆಗೆ ಹೆದರಬೇಡಿ, ಆ ದಿನಗಳ ಪ್ರಭಾರ ಯಾರಿಗೆ ಎಂಬುದನ್ನು ತಹಶೀಲ್ದಾರರು ನೋಡಿಕೊಳ್ಳಲಿ.